ಡೊಮೈನ್ ಕಂಟ್ರೋಲರ್ ಹೆಗಲಿನಿಂದ ವೆಬ್‌ಸೈಟ್ ಇಳಿಸಿದ ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನೂರಾ ನಲವತ್ತರಷ್ಟು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ನಾನು ಸೇರುವ ಮೊದಲೇ ಹಾಜರಿ ಮತ್ತು ಕ್ಯಾಂಟೀನ್ ಕೂಪನ್ನಿನ ವೆಬ್‌ಸೈಟನ್ನು ಎಲ್ಲರ ಲಾಗಿನ್ ಖಾತೆಗಳನ್ನು ಕಾಯುವ ಸರ್ವರ್ ಆದ ಡೊಮೈನ್ ಕಂಟ್ರೋಲರ್ ಮೇಲೆಯೇ, ಐಐಎಸ್ ಎಂಬ ಮೈಕ್ರೋಸಾಫ್ಟ್ ವೆಬ್ ಸರ್ವರ್ ತಂತ್ರಾಂಶ ಹಾಕಿ ಕೂರಿಸಿದ್ದರು. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಕೂಡ ಅಲ್ಲೇ. ಸಾಲದ್ದಕ್ಕೆ, ಸಿಬ್ಬಂದಿ ಮನೆಯಿಂದ ರಜೆ ಅರ್ಜಿ ಹಾಕಲೆಂದು ವೆಬ್‌ಸೈಟಿನ ಬಾಗಿಲಾದ 443ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

“ಒಂಬತ್ತು ವರ್ಷದಿಂದ ನಡೆಯುತ್ತಿದೆ, ಏನೂ ಆಗಿಲ್ಲವಲ್ಲ ಸಾರ್” ಎಂದರು ಲೆಕ್ಕಪತ್ರ ವಿಭಾಗದವರು. ತಂತ್ರಾಂಶ ಮಾರಿದವರು ಹೊಸ ಸರ್ವರ್ ಇಲ್ಲದೆ ಆಗದು ಎಂದು ನಾಲ್ಕೂವರೆ ಲಕ್ಷದ ಕೊಟೇಶನ್ ಹಿಡಿದು ಬಂದರು.

ಮೊದಲು ಅಲ್ಲೇ ಭದ್ರ ಮಾಡಲು ನೋಡಿದೆ. ಎರಡು ತಿಂಗಳು ದಂಡ. ಡೊಮೈನ್ ಕಂಟ್ರೋಲರ್‌ನಲ್ಲಿ ಆ ಯಂತ್ರಕ್ಕಷ್ಟೇ ಸೀಮಿತವಾದ ಲೋಕಲ್ ಖಾತೆ ಎಂಬುದೇ ಇಲ್ಲ. ವೆಬ್‌ಸೈಟನ್ನು ವಿಂಡೋಸಿನ ಸಿದ್ಧ ಖಾತೆಯಾದ ನೆಟ್‌ವರ್ಕ್ ಸರ್ವಿಸ್ ಹೆಸರಿನಲ್ಲಿ ಓಡಿಸಿದರೆ, ನೆಟ್‌ವರ್ಕಿನಲ್ಲಿ ಅದು ಆ ಯಂತ್ರದ ಖಾತೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಆ ಖಾತೆಗೆ ಇಡೀ ಡೊಮೈನಿನ ಪಾಸ್‌ವರ್ಡ್ ಹ್ಯಾಶ್‌ಗಳನ್ನು (ಪಾಸ್‌ವರ್ಡಿನ ಗುಪ್ತರೂಪ) ಎಳೆದುಕೊಳ್ಳುವ ಹಕ್ಕಿದೆ. ಕೂಪನ್ ಪುಟದಲ್ಲೊಂದು ತೂತು ಬಿದ್ದರೆ ಸಂಬಳದ ಕಡತದವರೆಗೆ ದಾರಿ ಸಲೀಸು. ಬೇರೆ ಖಾತೆ ಮಾಡಿಕೊಟ್ಟರೆ ಆ ತಂತ್ರಾಂಶ ಅಡ್ಮಿನ್ ಹಕ್ಕೇ ಬೇಕೆಂದು ಹಟ ಹಿಡಿಯಿತು.

ಕೊನೆಗೆ ಹಳೆಯ ಡೆಸ್ಕ್‌ಟಾಪ್ ಒಂದನ್ನು ಹನ್ನೊಂದು ಸಾವಿರಕ್ಕೆ ಕೊಂಡೆ. ಎಸ್‌ಎಸ್‌ಡಿ, ರ‍್ಯಾಮ್ ಸೇರಿ ಹತ್ತೊಂಬತ್ತು ಸಾವಿರದ ಒಳಗೇ ಮುಗಿಯಿತು. ವಿಂಡೋಸ್ ಸರ್ವರ್ ಲೈಸೆನ್ಸ್ ಒಂದು ನಮ್ಮಲ್ಲೇ ಬಿದ್ದಿತ್ತು. ಆ ಡೆಸ್ಕ್‌ಟಾಪಿಗೆ ಬೇರೆಯದೇ ವಿಲ್ಯಾನ್, ಅಂದರೆ ನೆಟ್‌ವರ್ಕಿನಲ್ಲಿ ಪ್ರತ್ಯೇಕ ಪಾಲು; ಹೊರಗಿನ ಕೋರಿಕೆಗಳನ್ನು ಹಿಡಿದು ಒಳಗೆ ದಾಟಿಸಲು ಅದರ ಮುಂದೆ ಡೆಬಿಯನ್ ಲಿನಕ್ಸ್ ಮೇಲೆ ಎಂಜಿನ್‌ಎಕ್ಸ್ ವೆಬ್ ಸರ್ವರ್.

ವಿಜಯದಶಮಿಯ ರಜೆ ನೋಡಿ ಬದಲಾಯಿಸಲು ಕುಳಿತೆ. ಊರೆಲ್ಲ ಜಂಬೂಸವಾರಿಗೆ ಹೋಗಿತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಸರ್ವರಿನ ಪವರ್ ಬಟನ್ ಮೇಲೆ ಒಣಗಿತ್ತು, ರ‍್ಯಾಕಿಗೆ ಕಟ್ಟಿದ್ದ ಬಾಳೆಕಂದು ಬಾಡಿ ಕೇಬಲ್ ಮೇಲೆ ಒರಗಿತ್ತು. ಸಂಜೆಗೆ ಎಲ್ಲ ಮುಗಿಯಿತೆಂದು ಹೊರಟೆ.

ಮರುದಿನ ಬೆಳಿಗ್ಗೆ ಆರೂಕಾಲಕ್ಕೆ ಗೇಟಿನಿಂದ ಫೋನು. ಹದಿನಾಲ್ಕು ಬೆರಳಚ್ಚು ಯಂತ್ರಗಳಲ್ಲೂ ಹಳೆಯ ಐಪಿಯೇ ನೇರವಾಗಿ ಕೂತಿತ್ತು! ಏಣಿ ಹಿಡಿದು ಒಂದೊಂದಕ್ಕೂ ಹೋಗಿ ತಿದ್ದಿದೆ. ಅದು ಸರಿಹೋದರೆ ಬ್ರೌಸರ್ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಕೇಳತೊಡಗಿತು. ಡೊಮೈನಿನಲ್ಲಿ ಒಂದು ಸೇವೆಯನ್ನು ಗುರುತಿಸುವ ಹೆಸರಾದ ಎಸ್‌ಪಿಎನ್, ಎರಡು ಖಾತೆಗಳ ಮೇಲೆ ಒಂದೇ ಇತ್ತು. ಹಳೆಯದನ್ನು ಅಳಿಸಿದ ಮೇಲೆ ನಿಂತಿತು. ಅಡ್ಮಿನ್ ಹಕ್ಕಿಲ್ಲದೆ ಆ ತಂತ್ರಾಂಶವನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ವಾರ ಬೆವರು ಸುರಿಸಿ ಕಂಡುಕೊಂಡದ್ದು.

ನಡುವೆ ಒಂದು ಪ್ರಯೋಗ: ಖಾಲಿ ಇದ್ದ ಹೊರಗಿನ ಐಪಿಗೆ ಹಳೆಯ ಲ್ಯಾಪ್‌ಟಾಪ್ ಕಟ್ಟಿ ಬರಿಯ ಲಾಗಿನ್ ಪುಟ ಇಟ್ಟೆ. ಒಂದೇ ರಾತ್ರಿಯಲ್ಲಿ ನಾನೂರರ ಮೇಲೆ ಕೋರಿಕೆಗಳು. ನಾವು ಬಳಸದ ವರ್ಡ್‌ಪ್ರೆಸ್, ಪಿಎಚ್‌ಪಿಮೈಅಡ್ಮಿನ್ ಬಾಗಿಲುಗಳನ್ನೆಲ್ಲ ತಟ್ಟಿ ಹೋಗಿದ್ದರು. ಆ ಲಾಗನ್ನು ಮುದ್ರಿಸಿ ವ್ಯವಸ್ಥಾಪಕರ ಮೇಜಿನ ಮೇಲಿಟ್ಟೆ. ಡೊಮೈನ್ ಕಂಟ್ರೋಲರ್‌ನಲ್ಲಿ ಮುದ್ರಣ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಸೇವೆಯನ್ನು ನಿಲ್ಲಿಸಲು ಅನುಮತಿ ಸಿಕ್ಕಿದ್ದೂ ಅಂದೇ. ಆ ಸ್ಪೂಲರಿನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಹೊರಬಿದ್ದ 2021ರಿಂದ ಕೇಳುತ್ತಲೇ ಇದ್ದೆ.

ಐದಾರು ತಿಂಗಳ ಬಳಿಕ, ರಜೆ ಅರ್ಜಿಯ ಜೊತೆ ವೈದ್ಯರ ಚೀಟಿ ಸೇರಿಸುವ ಫೋಲ್ಡರಿನಲ್ಲಿ ನಮ್ಮದಲ್ಲದ ಎಎಸ್‌ಪಿಎಕ್ಸ್ ಕಡತವೊಂದು, ಅಂದರೆ ಸರ್ವರಿನಲ್ಲಿ ಓಡಬಲ್ಲ ವೆಬ್ ಪುಟ, ಸಿಕ್ಕಿತು. ಒಳಗೆ ಹೊಕ್ಕವರು ಡೊಮೈನ್ ಕಡೆ ಕೈಚಾಚಿದ್ದರು; ಫೈರ್‌ವಾಲ್ ಲಾಗಿನಲ್ಲಿ ದೂರದಿಂದ ಯಂತ್ರ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟಿಗೆ ಬಿದ್ದ ತಡೆಗಳ ಸಾಲೇ ಇತ್ತು. ಆ ಡೆಸ್ಕ್‌ಟಾಪನ್ನು ಒರೆಸಿ ಬ್ಯಾಕಪ್‌ನಿಂದ ಮತ್ತೆ ಕಟ್ಟಿದೆ, ಅದು ಬಳಸುತ್ತಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿದೆ, ಫೋಲ್ಡರಿನಲ್ಲಿ ಯಾವುದೂ ಓಡದಂತೆ ಮಾಡಿದೆ. ಮಧ್ಯಾಹ್ನ ಒಂದಕ್ಕೆ ಕ್ಯಾಂಟೀನಿನಲ್ಲಿ ಕೂಪನ್ ಎಂದಿನಂತೆ ಬರುತ್ತಿತ್ತು.