ಬಾರ್ಬಡೋಸ್‌ನಲ್ಲಿ ನೆಲೆಸುವ ಮುನ್ನ

ರಜೆಗೆಂದು ಬಾರ್ಬಡೋಸ್‌ಗೆ ಮೂರು ನಾಲ್ಕು ಬಾರಿ ಹೋಗಿಬಂದವರಿಗೆ ಅಲ್ಲೇ ಮನೆ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ಆ ಭೇಟಿಗಳೆಲ್ಲ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲೇ ನಡೆದಿದ್ದರೆ ನೀವು ಕಂಡದ್ದು ದ್ವೀಪದ ಒಂದು ಮುಖವನ್ನು ಮಾತ್ರ. ಮುಂದಿನ ಭೇಟಿಯನ್ನು ಸೆಪ್ಟೆಂಬರ್‌ನಲ್ಲಿ ಇಟ್ಟುಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2024ರ ಜುಲೈನಲ್ಲಿ ಬೆರಿಲ್ ಎಂಬ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಸರಿದು ಹೋದರೂ, ಅದೆಬ್ಬಿಸಿದ ಅಲೆಗಳು ರಾಜಧಾನಿ ಬ್ರಿಡ್ಜ್‌ಟೌನ್‌ನ ಮೀನುಗಾರರ ಎಷ್ಟೋ ದೋಣಿಗಳನ್ನು ಒಡೆದುಹಾಕಿದವು.

ಈ ಬಾರಿ ಹೋಟೆಲಿನ ಬದಲು ಬಾಡಿಗೆ ಮನೆಯಲ್ಲಿ ತಿಂಗಳಾದರೂ ಇದ್ದು, ಮರೂನ್ ಪಟ್ಟಿಯ ಬಿಳಿ ವ್ಯಾನುಗಳಲ್ಲಿ ಊರವರ ಜೊತೆ ಒತ್ತಿಕೊಂಡು ಓಡಾಡಿ, ದಿನಸಿಯ ಖರ್ಚನ್ನು ಬರೆದಿಡಿ. ಆಹಾರದ ಬಹುಪಾಲು ಹಡಗಿನಲ್ಲೇ ಬರುವುದರಿಂದ ಬೆಲೆ ಹೆಚ್ಚು. ಲೆಕ್ಕ ಮಾತ್ರ ಸುಲಭ: 1975ರಿಂದ ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್. ನಲ್ಲಿಯ ನೀರು ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬಂದದ್ದು, ನಿಶ್ಚಿಂತೆಯಿಂದ ಕುಡಿಯಬಹುದು. ವಿದ್ಯುತ್ 115 ವೋಲ್ಟ್ ಆದ್ದರಿಂದ ನಮ್ಮೂರಿನ ಮಿಕ್ಸಿ, ಗ್ರೈಂಡರ್ ಹೊತ್ತೊಯ್ಯಬೇಡಿ. ಸೈನಿಕರ ಉಡುಪಿನಂಥ ಚಿತ್ತಾರದ ಬಟ್ಟೆಯನ್ನು ಮಕ್ಕಳಿಗೂ ತೊಡಿಸುವಂತಿಲ್ಲ. ಅದು ಅಲ್ಲಿ ಕಾನೂನಿನ ಉಲ್ಲಂಘನೆ.

ಹೊರದೇಶದ ಸಂಸ್ಥೆಗೆ ದೂರದಿಂದಲೇ ದುಡಿಯುವವರಿಗೆ 2020ರಲ್ಲಿ ಆರಂಭವಾದ 'ವೆಲ್‌ಕಮ್ ಸ್ಟ್ಯಾಂಪ್' ವೀಸಾ ಒಳ್ಳೆಯ ದಾರಿ. ಅದು ಹನ್ನೆರಡು ತಿಂಗಳ ವಾಸಕ್ಕೆ ಅವಕಾಶ ಕೊಡುತ್ತದೆ. ವರ್ಷಕ್ಕೆ ಕನಿಷ್ಠ 50,000 ಅಮೆರಿಕನ್ ಡಾಲರ್ ಆದಾಯವನ್ನೂ ಆರೋಗ್ಯ ವಿಮೆಯನ್ನೂ ಕೇಳುತ್ತದೆ. ಮನೆ ಕೊಳ್ಳುವ ಮಾತನ್ನು ಆ ಒಂದು ವರ್ಷ ಕಳೆದ ಮೇಲೆಯೇ ಎತ್ತಿಕೊಳ್ಳಿ.