ಇಂಗ್ಲೆಂಡಿನ ಹೊಸ ಜಿಪಿ: ಮೊದಲ ತಪಾಸಣೆಗೆ ಹೋಗುವ ಮುನ್ನ

ಇಂಗ್ಲೆಂಡಿಗೆ ಬಂದವರು ಮನೆ ಸಿಕ್ಕ ಕೂಡಲೇ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸಿಬಿಡಿ; ಜ್ವರ ಬಂದ ಮೇಲೆ ನೋಡೋಣ ಅನ್ನಬೇಡಿ. ನೋಂದಣಿ ಉಚಿತ. ವಿಳಾಸದ ಪುರಾವೆ ಇಲ್ಲವೆಂದು ನಿರಾಕರಿಸುವಂತಿಲ್ಲ.

ಹೆಸರು ಬರೆಸಿದ ಮೇಲಿನ ಮೊದಲ ತಪಾಸಣೆಯನ್ನು ಸಾಮಾನ್ಯವಾಗಿ ನರ್ಸೇ ಮಾಡುತ್ತಾರೆ: ಎತ್ತರ, ತೂಕ, ಬಿಪಿ, ಸಿಗರೇಟು, ಮದ್ಯ, ಮನೆತನದ ಕಾಯಿಲೆಗಳು. ಅಪ್ಪ ಅಮ್ಮನಿಗೆ ಯಾವ ವಯಸ್ಸಿನಲ್ಲಿ ಶುಗರ್ ಬಂತು, ಹೃದಯಾಘಾತ ಆಯಿತು ಎಂದು ಊರಿಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ತೋರಿಸುವ ಅಂಕಿ) 25 ಅಲ್ಲ, 23 ದಾಟಿದರೇ ಎಚ್ಚರಿಕೆ.

ಹೆಚ್ಚಿನವರು ಎಡವುವುದು ಮಾತ್ರೆಯ ಹೆಸರಲ್ಲಿ. ‘ಡೋಲೋ’, ‘ಎಕೋಸ್ಪ್ರಿನ್’ ಎಂದರೆ ಅಲ್ಲಿ ಅರ್ಥವಾಗುವುದು ಕಷ್ಟ. ಪ್ಯಾರಾಸಿಟಮಾಲ್, ಆಸ್ಪಿರಿನ್ 75 ಮಿ.ಗ್ರಾಂ. ಎನ್ನಿ. ಸ್ಟ್ರಿಪ್ಪನ್ನೇ ಒಯ್ದರೆ ಇನ್ನೂ ವಾಸಿ, ಬ್ರ್ಯಾಂಡಿನ ಜೊತೆ ಸಣ್ಣಕ್ಷರದಲ್ಲಿರುವುದೇ ಅವರಿಗೆ ಬೇಕಾದ ಹೆಸರು. ದಿನಾ ನುಂಗುವ ಮಾತ್ರೆ ಒಂದು ತಿಂಗಳಿಗಾಗುವಷ್ಟು ಕೈಯಲ್ಲಿರಲಿ.

ಬಿಪಿ ನೋಡುವ ಅರ್ಧ ಗಂಟೆ ಮೊದಲು ಕಾಫಿ ಬೇಡ. ಮೂತ್ರಕ್ಕೆ ಹೋಗಿಬಂದು ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಿದರೂ, ಪಟ್ಟಿ ಬಿಗಿಯುವಾಗ ಮಾತಾಡಿದರೂ ಅಂಕಿ ಏರುತ್ತದೆ. ಸ್ವೆಟರ್ ಒಳಗೆ ತೋಳು ಸುಲಭವಾಗಿ ಮೇಲೇರುವ ಅಂಗಿ ಹಾಕಿ. 140/90 ದಾಟಿದರೆ ಮನೆಯಲ್ಲೇ ಕೆಲವು ದಿನ ಬೆಳಿಗ್ಗೆ, ಸಂಜೆ ಅಳೆದು ಬರೆದಿಡಲು ಹೇಳಬಹುದು. ಮನೆಯಲ್ಲಿ ಅಳೆದಾಗಿನ ಮಿತಿ 135/85.