ಸೂಜಿ ನಿಂತಿಲ್ಲ, ಆದರೂ ಕಸಿ ಫಲ ಕೊಟ್ಟಿದೆ

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಪೂರ್ತಿ ತೆಗೆಸಿಕೊಂಡವರು ದಾವಣಗೆರೆಯ ನನ್ನ ಶುಗರ್ ಕ್ಲಿನಿಕ್ಕಿಗೆ ಬರುವುದು ಅಪರೂಪ. ಜಗಳೂರು ಕಡೆಯ ಈ ಹುಡುಗನಿಗೆ ಪ್ಯಾಂಕ್ರಿಯಾಸ್ ತುಂಬ ಕಲ್ಲು, ವರ್ಷಗಟ್ಟಲೆ ಹೊಟ್ಟೆನೋವು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಗ್ರಂಥಿ ತೆಗೆದು, ಅದರಲ್ಲಿ ಇನ್ಸುಲಿನ್ ತಯಾರಿಸುವ ಐಲೆಟ್ ಎಂಬ ಕೋಶಗುಂಪುಗಳನ್ನು ಬಿಡಿಸಿ, ಪೋರ್ಟಲ್ ರಕ್ತನಾಳದ ಮೂಲಕ ಅವನ ಲಿವರ್‌ಗೇ ಸೇರಿಸಿದ್ದರು. ಅವನದೇ ಕೋಶಗಳಾದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳ ಕಾಟವಿಲ್ಲ.

"ಸೂಜಿ ಯಾವಾಗ ನಿಲ್ತತಿ ಸಾರ್?" ಅವರವ್ವ ಮೊದಲು ಕೇಳಿದ್ದೇ ಇದನ್ನು.

ನಾನು ಆಸೆ ಹುಟ್ಟಿಸಲಿಲ್ಲ. 1977ರಲ್ಲಿ ಈ ಚಿಕಿತ್ಸೆ ಶುರುಮಾಡಿದ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು 2012ರಲ್ಲಿ ಕೊಟ್ಟ ಲೆಕ್ಕದಲ್ಲಿ, ಮೂರು ವರ್ಷದ ಹೊತ್ತಿಗೆ ಇನ್ಸುಲಿನ್ ಪೂರ್ತಿ ಬಿಟ್ಟವರು ಶೇ. 30 ಮಾತ್ರ. ಹೆಚ್ಚುಕಡಿಮೆ ಅಷ್ಟೇ ಜನರಲ್ಲಿ ಕೋಶಗಳು ಅರೆಬರೆ ದುಡಿಯುತ್ತಿದ್ದವು. ಎಷ್ಟು ಕೋಶ ಸಿಕ್ಕಿತು ಎಂಬುದೇ ಮುಖ್ಯ: ದೇಹತೂಕದ ಕಿಲೋಗೆ 5,000ಕ್ಕಿಂತ ಹೆಚ್ಚು ಐಲೆಟ್ ಸಿಕ್ಕವರಲ್ಲಿ ಶೇ. 72 ಮಂದಿ ಸೂಜಿ ಬಿಟ್ಟಿದ್ದರು. ಕಲ್ಲುಗಟ್ಟಿ ನಾರಾದ ಗ್ರಂಥಿಯಲ್ಲಿ ಅಷ್ಟು ಸಿಗುವುದು ಕಷ್ಟ.

ಆದ್ದರಿಂದ ನಾನು ನೋಡಿದ್ದು ಸಿ-ಪೆಪ್ಟೈಡ್, ಅಂದರೆ ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೇ ಹೊರಬರುವ ತುಣುಕು. ಅದು ರಕ್ತದಲ್ಲಿದೆ ಎಂದರೆ ಕೋಶ ಬದುಕಿದೆ. ಇತ್ತು. ಆದರೂ ಮೊದಲ ತಿಂಗಳುಗಳಲ್ಲಿ ಶುಗರ್ ಚೆನ್ನಾಗಿದ್ದರೂ ಇನ್ಸುಲಿನ್ ನಿಲ್ಲಿಸಲಿಲ್ಲ. ಹೊಸ ಜಾಗದಲ್ಲಿ ರಕ್ತನಾಳ ಕೂಡಿಕೊಳ್ಳುವತನಕ ಆ ಕೋಶಗಳಿಗೆ ಬಿಡುವು ಬೇಕು. ಮನೆಯವರಿಗೆ ಇದು ಹಿಡಿಸಲಿಲ್ಲ, ಬಿಡಿ.

ನಿಜವಾದ ತಲೆನೋವು ಬೆಣ್ಣೆ ದೋಸೆಯಿಂದ ಬಂತು. ಸೂಜಿ ಹಾಕಿಕೊಂಡು ಹೋಟೆಲಿನಲ್ಲಿ ಗಡದ್ದಾಗಿ ತಿಂದವನಿಗೆ ಸ್ವಲ್ಪ ಹೊತ್ತಿಗೆ ಕೈನಡುಕ, ಬೆವರು. ಅಷ್ಟೆಲ್ಲ ತಿಂದು ಶುಗರ್ ಇಳಿಯುವುದೆಂದರೆ? ಎಂಜೈಮ್ ಕ್ಯಾಪ್ಸೂಲ್ ಎಲ್ಲಿ ಎಂದೆ. ಅಂಗಿ ಜೇಬಿನಿಂದಲೇ ತೆಗೆದು ತೋರಿಸಿದ! ಪ್ಯಾಂಕ್ರಿಯಾಸ್ ಇಲ್ಲದ ಮೇಲೆ ಅದರ ಜೀರ್ಣರಸವೂ ಇಲ್ಲ, ಅದರ ಬದಲಿಗೇ ಈ ಕ್ಯಾಪ್ಸೂಲ್. ದೋಸೆ ಸರಿಯಾಗಿ ಕರಗದೆ ಮುಂದೆ ಸಾಗಿತ್ತು, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡಿತ್ತು. ಈಗ ಮೊದಲ ತುತ್ತಿಗೆ ಒಂದು, ಊಟದ ನಡುವೆ ಇನ್ನೊಂದು. ಅಗಿಯದೆ ಇಡಿಯಾಗಿ ನುಂಗಬೇಕು. ಬೆಣ್ಣೆ ಹೆಚ್ಚಿದ್ದರೆ ಡೋಸೂ ಹೆಚ್ಚು.

ನೋವಿನ ಮಾತ್ರೆ ಈಗ ಬಿಟ್ಟಿದ್ದಾನೆ. ಇನ್ಸುಲಿನ್ ರಾತ್ರಿಯ ಒಂದು ಸಣ್ಣ ಡೋಸಿಗೆ ಇಳಿದಿದೆ. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಫಲಿತಾಂಶವೇ. ಅವ್ವನಿಗೆ ಇನ್ನೂ ಸಮಾಧಾನವಿಲ್ಲ. ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಹಿಂದಿನ ರಾತ್ರಿಯ ಡೋಸನ್ನೂ ಇಳಿಸುತ್ತೇನೆ. ದುಡಿಮೆಯಿಂದ ಶುಗರ್ ಬಿದ್ದಾಗ ಎತ್ತಿ ಹಿಡಿಯಬೇಕಾದ ಗ್ಲೂಕಗಾನ್ ಹಾರ್ಮೋನು, ಲಿವರ್ ಸೇರಿದ ಐಲೆಟ್‌ಗಳಿಂದ ಸರಿಯಾಗಿ ಬರುವುದಿಲ್ಲ. ಹೊಲಕ್ಕೆ ಹೊರಡುವ ಮುಂಚೆ ಮೀಟರ್ ನೋಡಬೇಕು, ಬುತ್ತಿಯ ಜೊತೆ ಗ್ಲೂಕೋಸ್ ಪುಡಿ ಇರಬೇಕು, ಒಬ್ಬನೇ ಹೋಗಬಾರದು.